ಮುಖ ಯಾರದು, ದನಿ ಯಾರದು?

ಎಂಟನೇ ತರಗತಿಯ ಓದುಗಳೊಬ್ಬಳು ಕಾರ್ಡು ಬರೆದಿದ್ದಾಳೆ. ಅವಳ ಶಾಲೆಯಲ್ಲಿ ಚರ್ಚಾಸ್ಪರ್ಧೆಯಂತೆ. ವಿಷಯ, ‘ಪಾಪ್ ತಾರೆಗೆ ಸಂಗೀತಕ್ಕಿಂತ ರೂಪವೇ ಮುಖ್ಯ’. ಚೀಟಿ ಎತ್ತಿದಾಗ ಅವಳಿಗೆ ಬಂದದ್ದು ‘ಪರ’. “ತಾತ, ನನ್ನ ಮನಸ್ಸು ವಿರೋಧದ ಕಡೆಗಿದೆ. ಪರವಾಗಿ ಹೇಳುವುದಕ್ಕೆ ಏನಾದರೂ ಇದೆಯಾ?” ಎಂದು ಕೇಳಿದ್ದಾಳೆ.

ಇದೆ ಮಗೂ, ಬೇಕಾದಷ್ಟಿದೆ. ನಿಜವಾಗಿ ನಡೆದ ಒಂದು ಕಥೆ ಹೇಳುತ್ತೇನೆ. ಅದನ್ನು ಇಟ್ಟುಕೊಂಡು ಪರವಾಗಿಯೂ ಮಾತಾಡಬಹುದು, ವಿರೋಧವಾಗಿಯೂ ಮಾತಾಡಬಹುದು. ನಾನು ಯಾವ ಕಡೆ ಎಂಬುದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಅಜ್ಜ-ಅಜ್ಜಿಯರಿಗೆ ಒಂದು ಪ್ರಶ್ನೆ. ‘ಬೋನಿ ಎಂ’ ಎಂಬ ಹೆಸರು ನೆನಪಿದೆಯೇ? ಟೇಪ್ ರೆಕಾರ್ಡರ್ ಹೊಸದಾಗಿ ಮನೆಗಳಿಗೆ ಬರುತ್ತಿದ್ದ ಕಾಲ. ಇಂಗ್ಲಿಷಿನ ಒಂದಕ್ಷರ ಬಾರದವರೂ ಆ ಹಾಡುಗಳಿಗೆ ಕಾಲು ಕುಣಿಸುತ್ತಿದ್ದರು. ನಮ್ಮ ಶಾಖೆಯ ಅಟೆಂಡರ್ ಒಬ್ಬರು ಲೆಡ್ಜರ್ ಹೊತ್ತು ತರುವಾಗಲೂ ಅದನ್ನೇ ಗುನುಗುತ್ತಿದ್ದರು. ಆ ತಂಡದಲ್ಲಿ ಮೂವರು ಹೆಂಗಸರು, ಒಬ್ಬ ಗಂಡಸು. ಗಂಡಸಿನ ಹೆಸರು ಬಾಬಿ ಫ್ಯಾರೆಲ್. ಗುಂಗುರು ಕೂದಲು, ಮಿರಿಮಿರಿ ಉಡುಪು, ವೇದಿಕೆಯ ಈ ತುದಿಯಿಂದ ಆ ತುದಿಗೆ ಕುಣಿತ. ಹಾಡಿನ ನಡುವೆ ಬರುವ ದಪ್ಪ ಗಂಡು ದನಿ ಅವನದೇ ಎಂದು ಎಲ್ಲರೂ ತಿಳಿದಿದ್ದರು.

ಧ್ವನಿಮುದ್ರಿಕೆಯಲ್ಲಿರುವ ಆ ದನಿ ಅವನದಲ್ಲ. ಅದು ಜರ್ಮನಿಯ ಫ್ರಾಂಕ್ ಫಾರಿಯನ್ ಎಂಬ ಸಂಗೀತ ನಿರ್ಮಾಪಕನದು. ಮೊದಲು ಫಾರಿಯನ್ ಒಬ್ಬನೇ ಹಾಡಿ, ‘ಬೋನಿ ಎಂ’ ಎಂಬ ಹೆಸರು ಹಾಕಿ ಒಂದು ಹಾಡನ್ನು ಬಿಡುಗಡೆ ಮಾಡಿದ. ಹಾಡು ಜನರಿಗೆ ಹಿಡಿಸಿತು. ಟಿ.ವಿ.ಯಲ್ಲಿ ತೋರಿಸಲು ತಂಡ ಬೇಕಾಯಿತು. ತಂಡ ಇದ್ದರೆ ತಾನೇ ಕಳಿಸುವುದು? ಆಗ ಅವನು ನೋಡಲು ಚೆನ್ನಾಗಿರುವ, ಕುಣಿಯಬಲ್ಲ ಮುಖಗಳನ್ನು ಹುಡುಕಿ ತಂದ. ಮೂವರು ಹೆಂಗಸರಲ್ಲೂ ಧ್ವನಿಮುದ್ರಿಕೆಗಳಲ್ಲಿ ಹಾಡಿದವರು ಲಿಜ್ ಮಿಚೆಲ್ ಮತ್ತು ಮಾರ್ಷಿಯಾ ಬ್ಯಾರೆಟ್, ಇಬ್ಬರೇ. ಈ ಉಪಾಯ ಫಾರಿಯನ್‌ಗೆ ಚೆನ್ನಾಗಿ ಕೈಹಿಡಿಯಿತು. ಮುಂದೆ ಇದೇ ಉಪಾಯವನ್ನು ಅವನು ಇನ್ನೂ ದೊಡ್ಡದಾಗಿ ಮಾಡಿದ.

ಅಷ್ಟರಲ್ಲಿ ಕಾಲವೂ ಬದಲಾಗಿತ್ತು. 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ‘ಎಂ.ಟಿ.ವಿ.’ ಎಂಬ ವಾಹಿನಿ ಶುರುವಾಯಿತು. ಇಡೀ ದಿನ ಬರೀ ಹಾಡಿನ ಚಿತ್ರಗಳು. ರೇಡಿಯೊದಲ್ಲಿ ಕೇಳುತ್ತಿದ್ದ ಹಾಡನ್ನು ಜನ ನೋಡತೊಡಗಿದರು. ಹಾಡುವವರ ಕೂದಲು ಹೇಗಿದೆ, ಅಂಗಿ ಹೇಗಿದೆ, ಹೆಜ್ಜೆ ಹೇಗಿದೆ ಎಂಬುದು ಮಾರಾಟದ ಲೆಕ್ಕಕ್ಕೆ ಸೇರಿತು.

ಈಗ ನಮ್ಮ ಕಥೆ. ಜರ್ಮನಿಯ ಮ್ಯೂನಿಕ್ ನಗರದಲ್ಲಿ ರಾಬ್ ಪಿಲಾಟಸ್ ಮತ್ತು ಫ್ಯಾಬ್ ಮೋರ್ವಾನ್ ಎಂಬ ಇಬ್ಬರು ತರುಣರಿದ್ದರು. ರಾಬ್ ಅಲ್ಲಿ ಒಂದು ಮನೆಯ ದತ್ತು ಮಗನಾಗಿ ಬೆಳೆದವನು. ಫ್ಯಾಬ್ ಪ್ಯಾರಿಸ್ಸಿನಿಂದ ಬಂದವನು. ಇಬ್ಬರೂ ಚೆನ್ನಾಗಿ ಕುಣಿಯುತ್ತಿದ್ದರು, ಇಬ್ಬರಿಗೂ ಗಾಯಕರಾಗುವ ಆಸೆ. ಫಾರಿಯನ್ ಇವರನ್ನು ಕರೆಸಿದ, ಕರಾರಿಗೆ ಸಹಿ ಹಾಕಿಸಿಕೊಂಡ, ಮುಂಗಡ ಹಣ ಕೊಟ್ಟ. ಹುಡುಗರು ಹಣವನ್ನು ಬಟ್ಟೆಬರೆಗೆ, ಕೂದಲಿನ ಅಲಂಕಾರಕ್ಕೆ ಖರ್ಚು ಮಾಡಿದರು. ಆಮೇಲೆ ನೋಡಿದರೆ ಹಾಡು ಆಗಲೇ ಬೇರೆಯವರ ದನಿಯಲ್ಲಿ ತಯಾರಾಗಿದೆ! ಇವರು ಮಾಡಬೇಕಾದ್ದು ತುಟಿ ಆಡಿಸುವ ಕೆಲಸ ಮಾತ್ರ. ಆಗುವುದಿಲ್ಲ ಎಂದರೆ ಮುಂಗಡ ಹಿಂದಿರುಗಿಸಬೇಕು, ಕೈಯಲ್ಲಿ ಕಾಸಿಲ್ಲ. ಹೀಗೆ ಸಿಕ್ಕಿಬಿದ್ದೆವು ಎಂದು ಅವರು ಮುಂದೆ ಹೇಳಿಕೊಂಡರು.

ಓದದೆ ಸಹಿ ಹಾಕಿದ ಕಾಗದ, ಖರ್ಚಾಗಿ ಹೋದ ಮುಂಗಡ. ಈ ಎರಡರಿಂದ ಇಕ್ಕಟ್ಟಿಗೆ ಸಿಕ್ಕಿದವರನ್ನು ಬ್ಯಾಂಕಿನ ಕೌಂಟರಿನಲ್ಲಿ ಕೂತು ನಾನೂ ಬಹಳ ಕಂಡಿದ್ದೇನೆ. ಹಾಗಾಗಿ ಈ ಹುಡುಗರ ಮೇಲೆ ನನಗೆ ಸಿಟ್ಟಿಗಿಂತ ಮರುಕವೇ ಹೆಚ್ಚು.

ತಂಡಕ್ಕೆ ‘ಮಿಲಿ ವನಿಲಿ’ ಎಂದು ಹೆಸರಾಯಿತು. ನಿಜವಾಗಿ ಹಾಡಿದವರಲ್ಲಿ ಮುಖ್ಯರು ಚಾರ್ಲ್ಸ್ ಶಾ, ಜಾನ್ ಡೇವಿಸ್ ಮತ್ತು ಬ್ರಾಡ್ ಹೋವೆಲ್. ಮೂವರೂ ಜರ್ಮನಿಯಲ್ಲಿದ್ದ ಅಮೆರಿಕದವರು. ಒಳ್ಳೆಯ ಕಂಠ, ಪಳಗಿದ ಕಂಠ. ಆದರೆ ಇವರ ರೂಪ ಮಾರಾಟಕ್ಕೆ ಒಗ್ಗದು ಎಂದು ಫಾರಿಯನ್ ಲೆಕ್ಕ ಹಾಕಿದ. ಅವರನ್ನು ಸ್ಟುಡಿಯೊದ ಗಾಜಿನ ಹಿಂದೆ ಬಿಟ್ಟ. ರಾಬ್ ಮತ್ತು ಫ್ಯಾಬ್ ಉದ್ದನೆಯ ಜಡೆಗಳನ್ನು ಹಾರಿಸುತ್ತ ಕ್ಯಾಮೆರಾದ ಮುಂದೆ ನಿಂತರು.

ಅವನ ಲೆಕ್ಕ ತಪ್ಪಲಿಲ್ಲ. 1988ರಲ್ಲಿ ಯುರೋಪಿನಲ್ಲಿ ಹಾಡು ಗೆದ್ದಿತು. 1989ರಲ್ಲಿ ಅಮೆರಿಕದಲ್ಲಿ ಅವರ ಮೂರು ಹಾಡುಗಳು ಒಂದರ ಮೇಲೊಂದರಂತೆ ಮೊದಲ ಸ್ಥಾನಕ್ಕೆ ಏರಿದವು. ಆಲ್ಬಮ್ಮಿನ 60 ಲಕ್ಷಕ್ಕೂ ಹೆಚ್ಚು ಪ್ರತಿಗಳು ಆ ಒಂದು ದೇಶದಲ್ಲೇ ಹೋದವು. ಅಲ್ಲಿ ಬಿಡುಗಡೆಯಾದ ಆಲ್ಬಮ್ಮಿನ ಮೇಲೆ ಗಾಯಕರೆಂದು ಅಚ್ಚಾಗಿದ್ದದ್ದು ರಾಬ್ ಮತ್ತು ಫ್ಯಾಬ್ ಹೆಸರು. ಈ ಮಾತನ್ನು ನೆನಪಿಟ್ಟುಕೊಳ್ಳಿ ಮಕ್ಕಳೇ, ಮತ್ತೆ ಬೇಕಾಗುತ್ತದೆ.

1989ರ ಜುಲೈ ತಿಂಗಳಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಒಂದು ಕಾರ್ಯಕ್ರಮ. ಇಬ್ಬರೂ ಕುಣಿಯುತ್ತಿದ್ದಾರೆ, ಮೈಕಿನ ಮುಂದೆ ತುಟಿ ಆಡುತ್ತಿದೆ. ಇದ್ದಕ್ಕಿದ್ದಂತೆ ಹಿಂದಿನಿಂದ ಬರುತ್ತಿದ್ದ ಮುದ್ರಿತ ಹಾಡು ಒಂದೇ ಕಡೆ ಸಿಕ್ಕಿಕೊಂಡಿತು. ಗೀರು ಬಿದ್ದ ಗ್ರಾಮಾಫೋನ್ ತಟ್ಟೆಯ ಹಾಗೆ ಅದೇ ನಾಲ್ಕು ಪದಗಳು ಮತ್ತೆ ಮತ್ತೆ, ಮತ್ತೆ ಮತ್ತೆ. ರಾಬ್ ಸ್ವಲ್ಪ ಹೊತ್ತು ಅದಕ್ಕೇ ತುಟಿ ಕೂಡಿಸಲು ನೋಡಿದ. ಕೊನೆಗೆ ತಡೆಯಲಾರದೆ ವೇದಿಕೆಯಿಂದ ಓಡಿಯೇ ಹೋದ. ಸೋಜಿಗವೆಂದರೆ, ಅಲ್ಲಿದ್ದ ಜನ ಅದನ್ನು ಅಷ್ಟಾಗಿ ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಕಣ್ಣಿಗೆ ಹಬ್ಬವಾಗುತ್ತಿದ್ದಾಗ ಕಿವಿ ದೂರು ಕೊಡಲಿಲ್ಲ.

1990ರ ಫೆಬ್ರುವರಿಯಲ್ಲಿ ಇಬ್ಬರಿಗೂ ‘ಅತ್ಯುತ್ತಮ ಹೊಸ ಕಲಾವಿದರು’ ಎಂದು ಗ್ರ್ಯಾಮಿ ಪ್ರಶಸ್ತಿ ಬಂತು. ಪಾಪ್ ಸಂಗೀತಕ್ಕೆ ಅದಕ್ಕಿಂತ ದೊಡ್ಡ ಗೌರವ ಇಲ್ಲ. ಮುಂದಿನ ಆಲ್ಬಮ್ಮಿನಲ್ಲಿ ನಾವೇ ಹಾಡುತ್ತೇವೆ ಎಂದು ಅವರು ಹಟ ಹಿಡಿದರು. ಫಾರಿಯನ್ ಒಪ್ಪಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಅವರನ್ನು ಕೈಬಿಟ್ಟು, ಹಾಡಿದವರು ಇವರಲ್ಲ ಎಂದು ಪತ್ರಿಕೆಯವರ ಮುಂದೆ ತಾನೇ ಹೇಳಿಬಿಟ್ಟ. ಕೆಲವೇ ದಿನಗಳಲ್ಲಿ ಗ್ರ್ಯಾಮಿಯನ್ನು ಹಿಂದಕ್ಕೆ ಪಡೆದರು. ರಾಬ್ ಮತ್ತು ಫ್ಯಾಬ್ ಪತ್ರಿಕಾಗೋಷ್ಠಿ ಕರೆದು ತಪ್ಪೊಪ್ಪಿಕೊಂಡರು. ನಮಗೂ ಹಾಡಲು ಬರುತ್ತದೆ ಎಂದು ಅಲ್ಲೇ ಸ್ವಲ್ಪ ಹಾಡಿಯೂ ತೋರಿಸಿದರು. ಕೊಂಡವರು ಕೋರ್ಟಿಗೆ ಹೋದರು. ಸಿ.ಡಿ. ಒಂದಕ್ಕೆ 3 ಡಾಲರಿನ ತನಕ ವಾಪಸ್ ಕೊಡಬೇಕೆಂದು ತೀರ್ಮಾನವಾಯಿತು.

ಚರ್ಚಾಸ್ಪರ್ಧೆಗೆ ಬೇಕಾದ ಸರಕು ಇರುವುದು ಇನ್ನು ಮುಂದೆ. 1991ರಲ್ಲಿ ಫಾರಿಯನ್ ನಿಜವಾದ ಗಾಯಕರನ್ನು ಮುಂದೆ ನಿಲ್ಲಿಸಿ ಇನ್ನೊಂದು ಆಲ್ಬಮ್ ತಂದ. ಕಂಠ ಅದೇ, ತಯಾರಿಸಿದ ಕೈ ಅದೇ. ಆದರೆ ಮೊದಲಿನ ಆ ಹುಚ್ಚು ಮರಳಿ ಬರಲಿಲ್ಲ. ಪರವಾಗಿ ಮಾತಾಡುವವಳು ಇದನ್ನು ಹೇಳಬಹುದು: “ನೋಡಿ, ದನಿ ಇತ್ತು, ಮುಖ ಬೇರೆಯಾಯಿತು, ಜನ ಮೊದಲಿನಂತೆ ಬರಲಿಲ್ಲ. ಆದ್ದರಿಂದ ರೂಪವೇ ಮುಖ್ಯ.”

ವಿರೋಧ ಪಕ್ಷದವರು ಸುಮ್ಮನಿರುತ್ತಾರೆಯೇ? 1993ರಲ್ಲಿ ರಾಬ್ ಮತ್ತು ಫ್ಯಾಬ್ ತಮ್ಮ ಸ್ವಂತ ದನಿಯಲ್ಲಿ ಹಾಡಿ ಒಂದು ಆಲ್ಬಮ್ ತಂದರು. ಮುಖ ಅದೇ, ಕುಣಿತ ಅದೇ. ಮಾರಾಟವಾದದ್ದು ಸುಮಾರು 2 ಸಾವಿರ ಪ್ರತಿ. 60 ಲಕ್ಷ ಎಲ್ಲಿ, 2 ಸಾವಿರ ಎಲ್ಲಿ! “ಮುಖ ಇತ್ತು, ಆ ದನಿ ಇರಲಿಲ್ಲ, ಜನ ಬರಲಿಲ್ಲ. ಆದ್ದರಿಂದ ಸಂಗೀತವೇ ಮುಖ್ಯ” ಎನ್ನುತ್ತಾರೆ ಅವರು. ಎರಡು ಆಲ್ಬಮ್ಮುಗಳ ಮೇಲೂ ಹಗರಣದ ಕೆಸರು ಹಾರಿತ್ತು ಎಂಬುದನ್ನು ಎರಡು ಪಕ್ಷದವರೂ ಮರೆಯಬಾರದು.

ಹಾಗಾದರೆ ನಾನು ಯಾವ ಕಡೆ?

ರೂಪಕ್ಕೆ ಬೆಲೆಯೇ ಇಲ್ಲ ಎಂದು ಹೇಳಲು ನನ್ನಿಂದಾಗದು. ಕೋಗಿಲೆಯ ದನಿ ಕೇಳಿ ತಲೆಯೆತ್ತುತ್ತೇವೆ, ನವಿಲು ಕುಣಿದರೆ ನಿಂತು ನೋಡುತ್ತೇವೆ. ಕೆಲವರಲ್ಲಿ ಎರಡೂ ಕೂಡಿ ಬಂದಿರುತ್ತವೆ. ಮೈಕೆಲ್ ಜಾಕ್ಸನ್ ಇದ್ದನಲ್ಲ, 1983ರಲ್ಲಿ ಟಿ.ವಿ.ಯಲ್ಲಿ ಮುಂದೆ ನಡೆಯುವಂತೆ ತೋರಿಸುತ್ತ ಹಿಂದಕ್ಕೆ ಜಾರಿದನಲ್ಲ, ಆ ಹೆಜ್ಜೆಯನ್ನು ಅವನ ಹಾಡಿನಿಂದ ಬಿಡಿಸಿ ನೋಡುವುದು ಕಷ್ಟ. ಅಂದು ಅವನೂ ಮುದ್ರಿತ ಹಾಡಿಗೇ ತುಟಿ ಆಡಿಸಿದ್ದು. ಆದರೆ ಆ ದನಿ ಅವನದೇ ಆಗಿತ್ತು.

ರೂಪವೇ ಅತಿಯಾದರೆ ಪ್ರಾಮಾಣಿಕ ಹಾಡುಗಾರರಿಗೂ ಕಷ್ಟ. ಇಂಗ್ಲೆಂಡಿನ ಬೀಟಲ್ಸ್ ತಂಡದ ನಾಲ್ವರು ಹುಡುಗರು ಮೊದಲು ಚರ್ಮದ ಅಂಗಿ ಹಾಕಿಕೊಂಡು ಹಾಡುತ್ತಿದ್ದರು. ಅವರ ವ್ಯವಸ್ಥಾಪಕ ಬ್ರಯನ್ ಎಪ್‌ಸ್ಟೀನ್ ಒಂದೇ ಬಗೆಯ ಸೂಟು ಹೊಲಿಸಿದ, ಹಾಡು ಮುಗಿದಾಗ ಬಗ್ಗಿ ವಂದಿಸಲು ಕಲಿಸಿದ. ಹಾಡುಗಳ ಜೊತೆಗೆ ಆ ಸೂಟು, ಆ ಕೂದಲು ಜನರನ್ನು ಮರುಳು ಮಾಡಿದವು. 1965ರಲ್ಲಿ ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಸುಮಾರು 55 ಸಾವಿರ ಜನ ಸೇರಿದ್ದರು. ಅವರ ಕಿರುಚಾಟದಲ್ಲಿ ಹಾಡುವವರಿಗೇ ತಮ್ಮ ಹಾಡು ಕೇಳಿಸಲಿಲ್ಲ. ಮರುವರ್ಷ ಆಗಸ್ಟಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಹಾಡಿದ ಮೇಲೆ ಅವರು ಹೀಗೆ ಊರೂರು ತಿರುಗಿ ಹಾಡುವುದನ್ನೇ ನಿಲ್ಲಿಸಿ ಸ್ಟುಡಿಯೊ ಸೇರಿದರು. ಅವರ ಅತಿ ಹೆಸರಾದ ಕೆಲವು ಆಲ್ಬಮ್ಮುಗಳು ಬಂದದ್ದು ಅದರ ನಂತರ.

ಈಗ ಜಾಣ ಮಕ್ಕಳು ಒಂದು ಪ್ರಶ್ನೆ ಎತ್ತಬಹುದು. “ತಾತ, ನಮ್ಮ ಸಿನಿಮಾದಲ್ಲೂ ಹಾಡುವವರು ಒಬ್ಬರು, ತುಟಿ ಆಡಿಸುವವರು ಇನ್ನೊಬ್ಬರು. ಅದು ಮೋಸ ಅಲ್ಲವೇ?”

ಅಲ್ಲ. ಡಾ. ರಾಜ್‌ಕುಮಾರ್ ಅವರಿಗೆ ಎಷ್ಟೋ ವರ್ಷ ಪಿ.ಬಿ. ಶ್ರೀನಿವಾಸ್ ಹಾಡಿದರು. ಒಬ್ಬರು ಶರೀರ, ಇನ್ನೊಬ್ಬರು ಶಾರೀರ ಎಂದು ಜನ ಪ್ರೀತಿಯಿಂದ ಹೇಳುತ್ತಿದ್ದರು. ಆಕಾಶವಾಣಿಯಲ್ಲಿ ಹಾಡು ಹಾಕುವ ಮುಂಚೆ ಚಿತ್ರದ ಹೆಸರು, ಸಾಹಿತ್ಯ ಯಾರದು, ಸಂಗೀತ ಯಾರದು, ಹಾಡಿದವರು ಯಾರು ಎಂದು ತಪ್ಪದೆ ಹೇಳುತ್ತಿದ್ದರು. ಪಿ.ಬಿ.ಎಸ್. ಅವರ ಮುಖ ನೋಡದವರಿಗೂ ಅವರ ಹೆಸರು ಬಾಯಿಪಾಠವಾಗಿತ್ತು. 1974ರ ‘ಸಂಪತ್ತಿಗೆ ಸವಾಲ್’ ನಂತರ ರಾಜ್‌ಕುಮಾರ್ ತಾವೇ ಹೆಚ್ಚಾಗಿ ಹಾಡತೊಡಗಿದರು. ‘ಜೀವನ ಚೈತ್ರ’ದ ಹಾಡಿಗೆ ಅವರಿಗೆ ಅತ್ಯುತ್ತಮ ಹಿನ್ನೆಲೆ ಗಾಯಕ ಎಂದು ರಾಷ್ಟ್ರಪ್ರಶಸ್ತಿಯೂ ಬಂತು. ಆ ಗೌರವ ಹಾಡಿದ ಕಂಠಕ್ಕೇ ಸಂದಿತು.

ಇನ್ನು ಯಕ್ಷಗಾನ ನೋಡಿ. ಕಿರೀಟ ಕಟ್ಟಿ, ಬಣ್ಣ ಬಳಿದು ಕುಣಿಯುವವರು ಮುಂದೆ. ಪದ ಹೇಳುವ ಭಾಗವತರು ಹಿಂದೆ. ಆದರೆ ಅವರು ಪರದೆಯ ಮರೆಯಲ್ಲಿಲ್ಲ, ಎಲ್ಲರಿಗೂ ಕಾಣುವ ಹಾಗೆ ರಂಗಸ್ಥಳದಲ್ಲೇ ಇರುತ್ತಾರೆ. ವೇಷ ಕಟ್ಟದ ಆ ಭಾಗವತರನ್ನೇ ಮೊದಲನೇ ವೇಷಧಾರಿ ಎಂದು ಕರೆಯುವ ರೂಢಿ ನಮ್ಮ ಕರಾವಳಿಯದು.

ನಾನು ಯಾವ ಮಾತು ಎತ್ತಿದರೂ ಕೊನೆಗೆ ಬ್ಯಾಂಕಿಗೇ ಬಂದು ನಿಲ್ಲುತ್ತೇನೆ ಎಂದು ಈ ಅಂಕಣದ ಓದುಗರಿಗೆ ಗೊತ್ತು. ಕಂಪ್ಯೂಟರ್ ಬರುವ ಮುಂಚೆ ನಮ್ಮ ಬಳಿ ಮಾದರಿ ಸಹಿಯ ಕಾರ್ಡುಗಳಿರುತ್ತಿದ್ದವು. ಚೆಕ್ಕು ಬಂದರೆ ಮೊದಲು ಸಹಿ ಹೋಲಿಸಿ ನೋಡಬೇಕು. ರೇಷ್ಮೆ ಜುಬ್ಬಾ ಹಾಕಿಕೊಂಡು ಬಂದವರ ಚೆಕ್ಕಿನಲ್ಲಿ ಸಹಿ ಹೊಂದದಿದ್ದರೆ ಹಣವಿಲ್ಲ. ಹರಿದ ಅಂಗಿಯವರ ಸಹಿ ಹೊಂದಿದರೆ ಟೋಕನ್ ಕೊಟ್ಟು ಕೂರಿಸುತ್ತಿದ್ದೆವು. ಹಾಡಿನಲ್ಲಿ ದನಿಯೇ ಸಹಿ. ಒಬ್ಬರ ಸಹಿಯ ಮೇಲೆ ಬಂದ ಹಣ, ಹೆಸರು, ಪ್ರಶಸ್ತಿ ಇನ್ನೊಬ್ಬರ ಖಾತೆಗೆ ಜಮಾ ಆದರೆ ಆ ಲೆಕ್ಕ ಎಂದಾದರೂ ಒಂದು ದಿನ ತಾಳೆ ತಪ್ಪುತ್ತದೆ. ಮಿಲಿ ವನಿಲಿ ಕಥೆಯಲ್ಲಿ ಆದದ್ದು ಅದೇ. ಚೆನ್ನಾಗಿರುವ ಮುಖ ಮುಂದೆ ನಿಂತದ್ದರಲ್ಲಿ ತಪ್ಪಿರಲಿಲ್ಲ. ಆಲ್ಬಮ್ಮಿನ ಮೇಲೆ ತಪ್ಪು ಹೆಸರು ಅಚ್ಚಾಯಿತಲ್ಲ, ತಪ್ಪು ಇದ್ದದ್ದು ಅಲ್ಲಿ.

ಇದು ದೂರದ ದೇಶದ, ದೊಡ್ಡವರ ಕಥೆ ಎಂದು ಬಿಟ್ಟುಬಿಡಬೇಡಿ. ನಮ್ಮ ಬೀದಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ, ಆರನೇ ತರಗತಿ. ಬೆಳಿಗ್ಗೆ ಅವರ ಮನೆಯಿಂದ ಅವಳ ದೇವರನಾಮ ಕೇಳಿಸಿದರೆ ನಾನು ಪೇಪರ್ ಮಡಿಸಿ ಇಡುತ್ತಿದ್ದೆ. ಶಾಲೆಯ ವಾರ್ಷಿಕೋತ್ಸವಕ್ಕೆ ಅವಳ ದನಿಯನ್ನು ಮೊದಲೇ ರೆಕಾರ್ಡ್ ಮಾಡಿಕೊಂಡರು. ವೇದಿಕೆಯ ಮೇಲೆ ಮೈಕು ಹಿಡಿದು ನಿಂತದ್ದು ಇನ್ನೊಬ್ಬ ಹುಡುಗಿ. ಫೋಟೊಗೆ ಅವಳೇ ಚೆನ್ನಾಗಿ ಕಾಣುತ್ತಾಳೆ ಎಂದರಂತೆ. ಹಾಡಿದವಳನ್ನು ಹಿಂದಿನ ಸಾಲಿನಲ್ಲಿ ದೀಪ ಹಿಡಿದು ನಿಲ್ಲಿಸಿದ್ದರು. ಅವಳ ಹೆಸರನ್ನು ಯಾರೂ ಹೇಳಲಿಲ್ಲ.

ಅಂದಿನಿಂದ ಅವಳು ಹಾಡುವುದನ್ನು ಬಿಟ್ಟಳು. ಅರಿಸಿನ ಕುಂಕುಮಕ್ಕೆ ಹೋದಾಗ ಯಾರಾದರೂ “ಒಂದು ಹಾಡು ಹೇಳಮ್ಮ” ಎಂದರೆ ಅಮ್ಮನ ಸೆರಗಿನ ಹಿಂದೆ ಸರಿಯುತ್ತಾಳೆ. ಮುಂದೆ ನಿಂತ ಹುಡುಗಿಯ ಪಾಡು ಇನ್ನೊಂದು. ಮರುದಿನ ಎಲ್ಲರೂ “ಎಂಥ ಕಂಠ!” ಎಂದು ಹೊಗಳಿದರಂತೆ. ಅವಳು ಮನೆಗೆ ಬಂದು, “ಇನ್ನೊಮ್ಮೆ ಹಾಡು ಅಂದರೆ ಏನು ಮಾಡಲಿ ಅಮ್ಮ?” ಎಂದು ಅತ್ತಳಂತೆ. ಹನ್ನೊಂದು ವರ್ಷದ ಮಗುವಿಗೆ ರಾಬ್ ಮತ್ತು ಫ್ಯಾಬ್ ಪಟ್ಟ ಸಂಕಟವನ್ನು ನಾವು ದೊಡ್ಡವರೇ ತಂದಿಟ್ಟೆವು.

ರಾಬ್ ಆ ಸಂಕಟದಿಂದ ಚೇತರಿಸಿಕೊಳ್ಳಲಿಲ್ಲ. ದುಶ್ಚಟಗಳಿಗೆ ಸಿಕ್ಕಿ, 1998ರಲ್ಲಿ ಫ್ರಾಂಕ್‌ಫರ್ಟ್ ಬಳಿಯ ಹೋಟೆಲೊಂದರಲ್ಲಿ ತೀರಿಕೊಂಡ. ಆಗ ಅವನಿಗೆ 32 ವರ್ಷ. ಜಗತ್ತು ನಕ್ಕದ್ದು ಹೆಚ್ಚಾಗಿ ಆ ಇಬ್ಬರು ಹುಡುಗರನ್ನು ನೋಡಿ. ಲೆಕ್ಕ ಬರೆದವನನ್ನು ಅಷ್ಟಾಗಿ ಕೇಳಲಿಲ್ಲ.

ಅಜ್ಜ-ಅಜ್ಜಿಯರೇ, ಇದರಲ್ಲಿ ನಮ್ಮ ಕೆಲಸವೂ ಇದೆ. ಮೊಮ್ಮಕ್ಕಳ ಕಾರ್ಯಕ್ರಮಕ್ಕೆ ಹೋಗಿ ಮೊದಲ ಸಾಲಿನಲ್ಲಿ ಕೂರುವವರು ನಾವೇ. ಮುಗಿದ ಮೇಲೆ “ಯಾರು ಹಾಡಿದ್ದು? ತಬಲಾ ಯಾರದು? ಆ ಕುಣಿತ ಕಲಿಸಿದವರು ಯಾರು?” ಎಂದು ಗಟ್ಟಿಯಾಗಿ ಕೇಳೋಣ. ಕೇಳುವವರಿದ್ದರೆ ಹೇಳುವವರು ಹೇಳುತ್ತಾರೆ. ಮಗು ಮುಂದಿನ ಸಾಲಿನಲ್ಲಿದೆಯೋ ಹಿಂದಿನ ಸಾಲಿನಲ್ಲಿದೆಯೋ ಎಂದು ನೋಡುವುದಕ್ಕಿಂತ, ಮಾಡಿದ ಕೆಲಸಕ್ಕೆ ಅದರ ಹೆಸರು ಸೇರಿದೆಯೇ ಎಂದು ನೋಡೋಣ. ನಮ್ಮ ಬೀದಿಯ ಹುಡುಗಿಯ ಅಜ್ಜಿ ಈಗ ಸಂಜೆ ಹೊತ್ತು ಬೇಕೆಂದೇ ಒಂದು ದೇವರನಾಮದ ನಡುವಿನ ಸಾಲು ಮರೆತಂತೆ ನಟಿಸುತ್ತಾರೆ. ಹುಡುಗಿ ಒಳಗಿನಿಂದಲೇ ಸಾಲನ್ನು ಎತ್ತಿಕೊಡುತ್ತಾಳಂತೆ. ಸದ್ಯಕ್ಕೆ ಅಷ್ಟು ಸಾಕು.

ಮಕ್ಕಳೇ, ನಿಮಗೊಂದು ಮನೆಗೆಲಸ. ನಿಮಗೆ ಇಷ್ಟವಾದ ಹಾಡನ್ನು ಒಮ್ಮೆ ಚಿತ್ರ ನೋಡುತ್ತ ಕೇಳಿ. ಆಮೇಲೆ ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಕೇಳಿ. ಎರಡನೇ ಸಲವೂ ಅಷ್ಟೇ ಇಷ್ಟವಾಯಿತೇ? ಆಗಿದ್ದರೆ ಹಾಡು ಗಟ್ಟಿ. ಆಗದಿದ್ದರೆ ನೀವು ಮೆಚ್ಚಿದ್ದು ಕುಣಿತವನ್ನೋ ಬಟ್ಟೆಯನ್ನೋ ಎಂದು ತಿಳಿಯಿತು, ಅದನ್ನು ಮೆಚ್ಚುವುದೂ ತಪ್ಪಲ್ಲ. ಕೊನೆಗೆ ಹಾಡಿದವರು, ಬರೆದವರು, ರಾಗ ಹಾಕಿದವರು, ಕುಣಿದವರು ಯಾರೆಂದು ಹುಡುಕಿ ಒಂದು ಚೀಟಿಯಲ್ಲಿ ಬರೆಯಿರಿ. ನಾಲ್ಕೂ ಹೆಸರು ಸಿಕ್ಕರೆ ನನಗೊಂದು ಕಾರ್ಡು ಹಾಕಿ.

ಹೇಳಲು ಒಂದು ಸಂಗತಿ ಉಳಿದಿದೆ. ಹಲವು ವರ್ಷಗಳ ನಂತರ, ಕುಣಿದಿದ್ದ ಫ್ಯಾಬ್ ಮತ್ತು ಹಾಡಿದ್ದ ಜಾನ್ ಡೇವಿಸ್ ಗೆಳೆಯರಾದರು. ಇಬ್ಬರೂ ಕೂಡಿ ಒಂದೇ ವೇದಿಕೆಯ ಮೇಲೆ ಹಾಡಿದರು. ತಮ್ಮ ಜೋಡಿಗೆ ಅವರು ಇಟ್ಟುಕೊಂಡ ಇಂಗ್ಲಿಷ್ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ, ‘ಮುಖ ದನಿಯನ್ನು ಭೇಟಿಯಾಯಿತು’ ಎಂದು. ಡೇವಿಸ್ 2021ರಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಅವರ ದನಿ ಅವರ ಹೆಸರಿಗೇ ಬಂದು ಸೇರಿತ್ತು.